ಮೂರಂತಸ್ತಿನ ಅಂಗಡಿಯ ಎದುರು ಆಯಿ

ಬೆಳಿಗ್ಗೆ ನಳಕ್ಕೆ ನೀರು ಬಂತು, ಎರಡು ಡ್ರಮ್ಮು ತುಂಬಿಸಿದೆ. ಅಂಗಳ ಗುಡಿಸಿದೆ. ತೊಗರಿಬೇಳೆಯ ಕಲ್ಲು ಆರಿಸಿ ಡಬ್ಬಿಗೆ ಸುರಿದೆ. ಅತ್ತೆಯವರ ಗುಳಿಗೆ ಮುಗಿದಿದ್ದವು, ಹೇಳಿ ತರಿಸಿದೆ. ಹೊಲಿಗೆ ಮಶೀನಿಗೆ ಎಣ್ಣೆ ಬಿಟ್ಟೆ, ಮಗಳ ರವಿಕೆಗೆ ಎರಡು ಹುಕ್ಕು ಹಚ್ಚಿದೆ. ಮಧ್ಯಾಹ್ನದ ರೊಟ್ಟಿ ಬಡಿದಾದ ಮೇಲೆ, ನಿನ್ನೆ ನಿಲಂಗಾ ಪೇಟೆಯಿಂದ ತಂದಿದ್ದ ಎರಡು ಹೊಸ ಚಾದರಗಳನ್ನು ನೆನೆಹಾಕೋಣವೆಂದು ಮಡಿಕೆ ಬಿಚ್ಚಿದೆ. ಕೆಲಸ ಅಲ್ಲಿಗೇ ನಿಂತಿತು. ಹೊಸ ಬಟ್ಟೆಯ ಗಂಜಿಯ ವಾಸನೆ ನಿಮಗೂ ಗೊತ್ತಿರುತ್ತದೆ: ಸ್ವಲ್ಪ ಅಕ್ಕಿ ತೊಳೆದ ನೀರಿನಂಥದ್ದು, ಸ್ವಲ್ಪ ಗೋಣಿತಟ್ಟಿನಂಥದ್ದು, ಒಂದು ಎಳೆ ಸೀಮೆಎಣ್ಣೆಯಂಥದ್ದು. ಬೇರೆಯವರಿಗೆ ಅದು ಹಬ್ಬದ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಮೊದಲು ಬರುವುದು ಸಿಟ್ಟು. ನಮ್ಮ ಆಯಿಯ ಮೇಲಿನ ಸಿಟ್ಟು. ಆಯಿ ಅಂದರೆ ನಮ್ಮ ಕಡೆ ಅಪ್ಪನ ತಾಯಿ. ಆಕೆ ಹೋಗಿ ಎಷ್ಟೋ ವರ್ಷವಾಯಿತು, ಆದರೂ ಸಿಟ್ಟು ಬರುತ್ತದೆ. ಅದರ ಹಿಂದೆ ಬರುವುದನ್ನು ನಿಧಾನವಾಗಿ ಹೇಳುತ್ತೇನೆ.

ನಮ್ಮ ಮನೆ ಇದ್ದದ್ದು ಯೆಣೆಗೂರಿನಲ್ಲಿ, ಹೆದ್ದಾರಿಯಿಂದ ಎರಡು ಓಣಿ ಒಳಗೆ. ಜನ ಅದಕ್ಕೆ ವಾಡೆ ಅನ್ನುತ್ತಿದ್ದರು. ಕಲ್ಲು ಮಣ್ಣಿನ ಗೋಡೆಗಳು ಎರಡು ಮೊಳ ದಪ್ಪ, ಮೇಲೆ ಸಾಗವಾನಿ ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮೂರು ತಲೆಮಾರಿನವರು ವರ್ಷವರ್ಷ ಹಾಕುತ್ತ ಬಂದ ಮಣ್ಣು. ಬೇಸಗೆಯಲ್ಲಿ ಒಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದಂತೆ ತಂಪು. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಮುತ್ಯಾನ, ಅಂದರೆ ಅಜ್ಜನ, ಅಂಗಡಿ, ಒಂದು ಕಡೆ ಕಿರಾಣಿ, ಇನ್ನೊಂದು ಕಡೆ ಧೋತರ, ಟವೆಲು, ಲಂಗದ ಬಟ್ಟೆ. ಮುತ್ಯಾ, ಆಯಿ, ಅಪ್ಪ, ಅವ್ವ, ಅಪ್ಪನ ತಮ್ಮ ಮಲ್ಲುಕಾಕಾ, ಅವರಿಬ್ಬರ ತಂಗಿ ನೀಲಾ ಅತ್ತಿ, ನಾನು; ಇಷ್ಟು ಜನ. ರಾತ್ರಿ ಊಟಕ್ಕೆ ಪಡಸಾಲೆಯಲ್ಲಿ ಎಲ್ಲರೂ ಒಂದೇ ಸಾಲಿಗೆ ಕೂಡುತ್ತಿದ್ದೆವು. ಕಾಕಾ ಪೇಟೆಯ ಒಬ್ಬೊಬ್ಬರ ನಡಿಗೆ, ಕೆಮ್ಮು, ಚೌಕಾಸಿ ಎಲ್ಲ ಮಾಡಿ ತೋರಿಸುತ್ತಿದ್ದ. ನೀಲಾ ಅತ್ತಿ ನಗು ತಡೆಯಲಾರದೆ ಸೆರಗಿನ ತುದಿ ಕಚ್ಚುತ್ತಿದ್ದಳು. ಆ ಕಾಲದಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಆಯಿಯೇ, ನೀವು ನಂಬಬೇಕು.

ಸಂತೆಯ ದಿನ ಆಯಿ ನಮ್ಮನ್ನು ಉಮರ್ಗಾಕ್ಕೆ ಕರೆದೊಯ್ಯುತ್ತಿದ್ದಳು. ಆ ಸುಖ ಈಗಿನ ಮಕ್ಕಳಿಗೆ ಹೇಗೆ ಹೇಳಲಿ? ಮೊದಲು ಬಳೆಯವರ ಸಾಲು, ಅಲ್ಲಿ ಕೈ ಹಿಚುಕಿ ಹಿಚುಕಿ ಬಳೆ ಏರಿಸುವಾಗ ಕಣ್ಣಲ್ಲಿ ಬರುವ ನೀರು. ಆಮೇಲೆ ಪಾತ್ರೆ ಅಂಗಡಿ. ಕೊಳ್ಳುವುದು ಏನೂ ಇಲ್ಲದಿದ್ದರೂ ಆಯಿ ಹಿತ್ತಾಳೆ ಕೊಡಗಳನ್ನೆಲ್ಲ ಬೆರಳಿನಿಂದ ಬಾರಿಸಿ ನಾದ ಕೇಳಿಯೇ ಮುಂದೆ ಹೋಗುವಳು. ಪುಟಾಣಿ, ಚುರುಮುರಿ, ಕಾಗದದ ಮೇಲೆ ಎಣ್ಣೆ ಬಿಡುವ ಮೆಣಸಿನಕಾಯಿ ಭಜಿ. ಕೊನೆಗೆ ರಸವಂತಿ, ಅಂದರೆ ಕಬ್ಬಿನ ಹಾಲಿನ ಅಂಗಡಿ. ಗಾಣದ ಚಕ್ರಕ್ಕೆ ಗೆಜ್ಜೆ ಕಟ್ಟಿರುತ್ತಿದ್ದರು, ಅದು ತಿರುಗಿದಂತೆಲ್ಲ ಪೇಟೆಯ ಈ ತುದಿಯಿಂದ ಆ ತುದಿಗೆ ಛಲ್ ಛಲ್ ಅನ್ನುತ್ತಿತ್ತು. ವರ್ಷಕ್ಕೆ ಎರಡು ಸಲ ಟಾಕೀಸು. ಆಯಿ ಸಿನೆಮಾದಲ್ಲಿ ಅಳುವವರ ಜೊತೆ ಅಳುತ್ತ, ಮೋಸ ಮಾಡುವವನಿಗೆ ಗಟ್ಟಿಯಾಗಿ ಬಯ್ಯುತ್ತ ಕೂಡುವಳು. ಹಿಂದಿನವರು ಶ್‍ ಅಂದರೆ ಅವರಿಗೂ ಒಂದು ಬೈಗುಳ.

ಆಮೇಲೆ ಭೂಕಂಪವಾಯಿತು. ಗಣಪತಿ ಕಳಿಸಿ ಬಂದು ಜನ ಮಲಗಿದ ಹೊತ್ತು. ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ನಾನು ಬರೆಯುವುದಿಲ್ಲ. ನಮ್ಮ ವಾಡೆಯ ಒಂದು ಮೂಲೆ ಕುಸಿಯಿತು, ಪಡಸಾಲೆಯ ಗೋಡೆ ಬಿರುಕು ಬಿಟ್ಟಿತು, ನಾವು ಉಳಿದೆವು. ಸಾಸ್ತೂರಿನಲ್ಲಿ ಆಯಿಯ ತಂಗಿ ಗುರುಬಾಯಿಯ ಮನೆ ಇತ್ತು. ಆ ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಎಲ್ಲರಂತೆ ನಾವೂ ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿಕೊಂಡೆವು. ಊರಿನ ಉಳಿದವರು ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಒಬ್ಬೊಬ್ಬರಾಗಿ ಗೋಡೆ ತೇಪೆ ಹಾಕಿಸಿಕೊಂಡು ಮನೆಯೊಳಗೆ ಹೋದರು. ನಾವು ಹೋಗಲಿಲ್ಲ. ಆಯಿ ಬಿಡಲಿಲ್ಲ. ಚಳಿಗಾಲದಲ್ಲಿ ತಗಡು ಮಂಜುಗಡ್ಡೆ, ಚೈತ್ರ ಬಂದಾಗ ಕಾದ ಹಂಚು. ಅಡುಗೆ ಮಾತ್ರ ಹಳೆಯ ಅಡುಗೆಮನೆಯಲ್ಲಿ, ಯಾಕೆಂದರೆ ಶೆಡ್ಡಿನಲ್ಲಿ ಹೊಗೆ ಹೋಗಲು ದಾರಿ ಇರಲಿಲ್ಲ. ಮೊದಲು ಕೊಡ ಬಾರಿಸುತ್ತಿದ್ದ ಬೆರಳಿನಿಂದ ಆಯಿ ಈಗ ಗೋಡೆ ಬಾರಿಸತೊಡಗಿದಳು. ಯಾರ ಮನೆಗೆ ಹೋದರೂ ಕಲ್ಲಂಗಡಿ ಹಣ್ಣು ನೋಡುವವರಂತೆ ಗೋಡೆಗೆ ಕಿವಿ ಕೊಟ್ಟು ಟಕ್ ಟಕ್ ಅನ್ನಿಸುವುದು, ತಲೆ ಅಲ್ಲಾಡಿಸುವುದು, ಅಂಗಳದಲ್ಲೇ ಕೂಡುವುದು. ಗುಡಿಗೆ ಹೋದರೆ ಹೊರಗಿನಿಂದಲೇ ಕೈ ಮುಗಿಯುವುದು. "ದೇವರು ಒಳಗ ಅದಾನಲ್ಲ ಆಯಿ," ಅಂದರೆ, "ಅಂವಾ ಕಲ್ಲಿಂದ್ ಅದಾನ, ಅಂವಗ ನಡೀತದ," ಅನ್ನುವಳು. ಉಮರ್ಗಾದ ಟಾಕೀಸು ಬಂದ್. ನಮಗೆ ಪರವಾನಗಿ ಇದ್ದದ್ದು ಡೇರೆಯ ಟೂರಿಂಗ್ ಟಾಕೀಸಿಗೆ ಮಾತ್ರ, ಅದು ಬಟ್ಟೆಯದಾದ್ದರಿಂದ. ಅದು ನಮ್ಮ ಕಡೆ ಬಂದದ್ದು ಒಂದೇ ಸಲ, ಅದೂ ನಾನು ನೋಡಿದ್ದ ಸಿನೆಮಾ.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ನಾವು ನಾಲ್ಕು ಜನ ಎಲ್ಲಾದರೂ ಕೂಡಿ ಮಾತಿಗೆ ಕುಳಿತೆವೋ, ಆಯಿ ಬಂದು ಒಬ್ಬರನ್ನು ಎಬ್ಬಿಸಿ ಕಳಿಸುವಳು. ಅಡುಗೆಮನೆಯಲ್ಲಿ ಒಲೆಯ ಮುಂದೆ ಬಿಸಿ ರೊಟ್ಟಿಗೆ ಕಾದು ಕುಳಿತಾಗ, ಕಾಕಾ ಆಗಷ್ಟೇ ಒಂದು ನಕಲು ಶುರು ಮಾಡಿದಾಗ, "ಮಲ್ಲ್ಯಾ, ಹೊರಗ ಯಾರೋ ಬಂದಂಗದ, ನೋಡು ಹೋಗು." ಯಾರೂ ಬಂದಿರುತ್ತಿರಲಿಲ್ಲ. "ಮಾದೇವಿ, ಹಿತ್ತಲದಾಗ ಹಪ್ಪಳ ಒಣಗ್ಯಾವೇನು ನೋಡು." ಆ ಮಾದೇವಿ ನಾನು. ಹಪ್ಪಳ ಹಾಕಿಯೇ ಇರುತ್ತಿರಲಿಲ್ಲ. ಊಟವೂ ಇಬ್ಬಿಬ್ಬರದು, ಸಾಲಿಗೆ ಕೂಡುವುದು ನಿಂತೇಹೋಯಿತು. ಉಮರ್ಗಾಕ್ಕೆ ಹೋಗಬೇಕಾದರೂ ಎಲ್ಲರೂ ಒಂದು ಬಸ್ಸಿಗೆ ಹೋಗುವಂತಿಲ್ಲ. ಇಬ್ಬರು ಮುಂದಿನದಕ್ಕೆ, ಇಬ್ಬರು ಹಿಂದಿನದಕ್ಕೆ. ಅವ್ವ ಒಮ್ಮೆ ರೊಟ್ಟಿ ಹಿಟ್ಟನ್ನು ತಟ್ಟೆಗೆ ಅಪ್ಪಳಿಸುತ್ತ, "ನಾವು ಕೂಡಿ ನಕ್ರ ಈ ಮುದುಕಿಗಿ ಹೊಟ್ಟಿ ಉರೀತದ," ಅಂದಿದ್ದಳು. ನಾನೂ ಹಾಗೆಯೇ ತಿಳಿದಿದ್ದೆ. ನಗು ಮರೆತ ಮುದುಕಿಗೆ ಬೇರೆಯವರ ನಗು ಕಂಡರೆ ಆಗುವುದಿಲ್ಲ ಎಂದು.

ನೀಲಾ ಅತ್ತಿಯ ಮದುವೆಯ ಮಾತು ಮತ್ತೆ ಎದ್ದದ್ದು ಆ ಬೇಸಗೆಯಲ್ಲಿ. ಮತ್ತೆ ಅಂದೆ, ಯಾಕೆಂದರೆ ಭೂಕಂಪಕ್ಕೆ ಮೊದಲು ಜಳಕೋಟದ ಒಂದು ಸಂಬಂಧ ಗಟ್ಟಿಯಾಗಿತ್ತು. ಭೂಕಂಪ ಆದ ಮೇಲೆ ಅವರು ಬಂದು, ಕುಸಿದ ಮೂಲೆಯನ್ನು ನೋಡಿ, ಚಹಾ ಕುಡಿದು, ತಿರುಗಿ ಬರಲೇ ಇಲ್ಲ. ಅತ್ತಿ ಯಾರ ಮುಂದೆಯೂ ಅಳಲಿಲ್ಲ. ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುವ ಚಟ ಆಕೆಗೆ. ಆ ದಿನಗಳಲ್ಲಿ ಸುಮ್ಮಸುಮ್ಮನೆ ಅಂಗೈ ತಿರುವಿ ಹೊತ್ತು ನೋಡುತ್ತಿದ್ದಳು. ಈಗ ಬಂದದ್ದು ಉದಗೀರದ ಸಂಬಂಧ. ಹುಡುಗನಿಗೆ ಸ್ವಂತ ಕಿರಾಣಿ ಅಂಗಡಿ, ಒಳ್ಳೆಯ ಮನೆತನ, ಹುಡುಗನ ತಾಯಿ ಮಾತ್ರ ಸ್ವಲ್ಪ ಬಿಗಿ. ಉದಗೀರದ ಬೀಗತಿ ಅಂತಲೇ ನಾವು ಆಕೆಯನ್ನು ಕರೆಯುವುದು. ಮದುವೆಯ ಜವಳಿ ತೆಗೆಯುವುದಕ್ಕೆ ನಮ್ಮ ಕಡೆ ಬಸ್ತಾ ಅನ್ನುತ್ತಾರೆ. ಎರಡೂ ಕಡೆಯವರು ಒಂದೇ ಅಂಗಡಿಯಲ್ಲಿ ಇಡೀ ದಿನ ಗಾದಿಯ ಮೇಲೆ ಕುಳಿತು, ಚಹಾ ಕುಡಿಯುತ್ತ, ಮದುಮಕ್ಕಳಿಂದ ಹಿಡಿದು ಅಡುಗೆಯವಳವರೆಗೆ ಎಲ್ಲರ ಬಟ್ಟೆ ತೆಗೆಯಬೇಕು. ಆ ದಿನ ಸರಿಯಾಗಿ ಕಳೆದರೆ ಮದುವೆ ಆದಂತೆಯೇ. ಆ ದಿನ ಮಾತು ಕೆಟ್ಟು ಎದ್ದುಹೋದ ಬೀಗರ ಕತೆ ಪ್ರತಿ ಊರಿನಲ್ಲೂ ಒಂದಿರುತ್ತದೆ.

ಬೀಗತಿ ಹೇಳಿಕಳಿಸಿದ್ದ ಅಂಗಡಿ ಉದಗೀರದ ಪೇಟೆಯಲ್ಲಿ ಎಲ್ಲಕ್ಕಿಂತ ಎತ್ತರದ್ದು. ಮೂರು ಅಂತಸ್ತು. ಮದುವೆ ಸೀರೆಗಳು ಮೂರನೆಯದರಲ್ಲಿ.

ಅವ್ವನಿಗೆ ಆಗ ಕೈಗೂಸು. ಮುತ್ಯಾ, ಅಪ್ಪ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಹೊರಟವರು ಆಯಿ, ಕಾಕಾ, ನೀಲಾ ಅತ್ತಿ, ನಾನು. ನಸುಕಿನಲ್ಲೇ ಆಯಿ ಶುರು ಮಾಡಿದಳು. ನಾನು ಮತ್ತು ಆಕೆ ಮೊದಲನೇ ಬಸ್ಸಿಗೆ, ಅವರಿಬ್ಬರು ಎರಡನೆಯದಕ್ಕೆ. ಉಮರ್ಗಾದಲ್ಲಿ ಇಳಿದು ಅವರಿಗಾಗಿ ಕಾಯಬೇಕು, ನಿಲಂಗಾದಲ್ಲಿ ಮತ್ತೆ ಇಳಿದು ಮತ್ತೆ ಕಾಯಬೇಕು. ಉಮರ್ಗಾದ ಸ್ಟ್ಯಾಂಡಿನಲ್ಲಿ ನೆರಳಿದ್ದರೂ ಆಯಿ ನನ್ನನ್ನು ಬಿಸಿಲಿಗೆ ನಿಲ್ಲಿಸಿಕೊಂಡಳು, ನೆರಳಿನ ಮೇಲೆ ಸ್ಲ್ಯಾಬು ಇತ್ತಲ್ಲ. ಹಿಂದಿನ ಬಸ್ಸಿನಿಂದ ಇಳಿದ ಕಾಕಾ ನೋಡಿದ.

"ಅವ್ವಾ, ನಿಂಗ ಆಕಾಶದಾಗ ಒಂದು ಬಸ್ ಸ್ಟ್ಯಾಂಡ ಕಟ್ಟಿಸ್ಲೇನು?"

"ಕಟ್ಟಸು. ಕಲ್ಲು ಮಾತ್ರ ಹಚ್ಚಬ್ಯಾಡ."

"ಬಸ್ಸಿಗ್ಯಾನು ಕಲ್ಲಿನ ಛತ್ತ ಅದ ಏನವ್ವಾ? ಅದಕ್ಯಾಕ ಇಬ್ಬಿಬ್ಬರು?"

"ನಿನ್ನ ಬಾಯಿ ಗದ್ದಲ ಆಗ್ತದ ನನಗ. ಸುಮ್ನ ಹಿಂದಿನ ಬಸ್ಸಿಗಿ ಬಾ."

ಉದಗೀರ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಬೀಗರು ಆಗಲೇ ಮೂರನೇ ಅಂತಸ್ತಿನಲ್ಲಿ ಕುಳಿತಿದ್ದರು. ಅಂಗಡಿಯ ಬಾಗಿಲಲ್ಲೇ ಆ ವಾಸನೆ ಹೊರಗೆ ಸುರಿಯುತ್ತಿತ್ತು, ಸಾವಿರ ಸೀರೆಗಳ ಗಂಜಿ. ನಾನು ಅಷ್ಟು ಬಣ್ಣ ಒಂದೇ ಕಡೆ ಕಂಡಿರಲಿಲ್ಲ. ಒಳಗೆ ಬಿಳಿ ಗಾದಿ, ಲೋಡು, ತಿರುಗುವ ಪಂಖಾ, ಕೈ ಬೀಸಿ ಒಂದೇ ಏಟಿಗೆ ಸೀರೆ ಹಾಸುವ ಗುಮಾಸ್ತರು. ಬಸ್ತಾ ಮುಗಿದ ಮೇಲೆ ಉದಗೀರದ ಟಾಕೀಸಿಗೆ ಕರೆದೊಯ್ಯುತ್ತೇನೆಂದು ಕಾಕಾ ಗುಟ್ಟಾಗಿ ಮಾತು ಕೊಟ್ಟಿದ್ದ. ಅದರ ಪೋಸ್ಟರು ಎದುರಿನ ಗೋಡೆಯ ಮೇಲೇ ಇತ್ತು. ನಾನು ಹೊಸ್ತಿಲು ದಾಟಲು ಕಾಲೆತ್ತಿದೆ. ಆಯಿ ನನ್ನ ಜಡೆ ಹಿಡಿದು ಹಿಂದಕ್ಕೆಳೆದಳು. ತಲೆ ಎತ್ತಿ ಒಂದು, ಎರಡು, ಮೂರು ಅಂತಸ್ತು ನೋಡಿದಳು. ಬೀದಿ ದಾಟಿ ಎದುರಿಗಿದ್ದ ಬಳೆಗಾರ್ತಿಯ ಕಟ್ಟೆಯ ಮೇಲೆ ಹೋಗಿ ಕುಳಿತಳು.

"ನೀವು ಹೋಗ್ರಿ ಮಲ್ಲ್ಯಾ. ನೀಲಾನ್ನ ಕರ್ಕೊಂಡು ಹೋಗು. ಈಕಿ ನನ್ನಂತ್ಯಾಕ ಇರ್ಲಿ."

ಕಾಕಾ ಮತ್ತು ಅತ್ತಿ ಮೇಲೆ ಹೋದರು. ನಾನು ಬೀದಿಯಲ್ಲಿ, ಆಯಿಯ ಪಕ್ಕ, ಬಿಸಿಲಿನಲ್ಲಿ. ಬಳೆಗಾರ್ತಿ ಹಸೀನಾ ಬೀ ಪುಣ್ಯವಂತೆ. "ಬಸಾ ಆಯಿ, ಬಸಾ," ಎಂದು ಗೋಣಿತಟ್ಟು ಹಾಸಿಕೊಟ್ಟು, ನೆರಳಿಗೆ ಛತ್ರಿ ಓರೆ ಮಾಡಿದಳು. ಪಕ್ಕದ ರಸವಂತಿಯ ಗೆಜ್ಜೆ ಸದ್ದು ಕೂಡ ಅಣಕಿಸಿದಂತೆ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಅಂಗಡಿಯ ಶೇಠರೇ ಇಳಿದು ಬಂದರು. ಕೈ ಮುಗಿದು, "ಆಯಿ, ಮ್ಯಾಲ ಬರ್ರಿ. ಮೊದಲ ಸೀರಿಗಿ ಕುಂಕುಮ ನೀವೇ ಹಚ್ಚಬೇಕಲ್ರೀ," ಅಂದರು. ಅದು ಬಸ್ತಾದ ಪದ್ಧತಿ. ಗಂಡಿನ ಕಡೆಯವರು ಆರಿಸಿದ ಮೊದಲ ಸೀರೆಯ ಸೆರಗಿಗೆ ಹೆಣ್ಣಿನ ಮನೆಯ ಹಿರಿಯ ಮುತ್ತೈದೆ ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು ಮದುಮಗಳ ಉಡಿಗೆ ಹಾಕಬೇಕು. ಅದಾಗದೆ ಮುಂದಿನ ಬಟ್ಟೆಗೆ ಕೈ ಹಚ್ಚುವಂತಿಲ್ಲ. ಮೇಲೆ ಇಪ್ಪತ್ತು ಜನ ಕಾದು ಕುಳಿತಿದ್ದರು.

"ಸೀರಿ ಇಲ್ಲೇ ಕಳಸ್ರಿ, ಹಚ್ಚತೀನಿ," ಅಂದಳು ಆಯಿ.

"ಇದು ಸಿಮಿಟಿನ ಸ್ಲ್ಯಾಬ್ ಅದರೀ ಆಯಿ, ಒಳಗ ಕಬ್ಬಣ ಹಾಕ್ಯಾರ. ಅಷ್ಟು ದೊಡ್ಡ ಭೂಕಂಪದಾಗ ಒಂದು ಬಿರುಕು ಸೈತ ಬಿಟ್ಟಿಲ್ಲ ನೋಡ್ರಿ."

"ಬಿಟ್ಟಿಲ್ಲ ಅಂದ್ರ ಇನ್ನಾ ಬಾಕಿ ಅದ ಅಂತ ಆತು."

ಶೇಠರು ತಲೆ ಕೆರೆದುಕೊಂಡು ಮೇಲೆ ಹೋದರು. ಆಮೇಲೆ ಕಾಕಾ ಬಂದ, ಮುಖ ಕೆಂಪಗಾಗಿತ್ತು. ಬೀಗತಿ ಒಪ್ಪುವುದಿಲ್ಲ ಅಂದಳಂತೆ. ಅವರ ಮನೆತನದಲ್ಲಿ ಕುಂಕುಮ ಬೀಳದ ಸೀರೆ ಹೊಸ್ತಿಲು ದಾಟಿ ಬೀದಿಗೆ ಬರಬಾರದು. ಬಂದರೆ ಅದು ಅಪಶಕುನ. ಈಗ ನೋಡಿ ಸಂಕಟ: ಕುಂಕುಮ ಹಚ್ಚದೆ ಸೀರೆ ಹೊರಗೆ ಬರುವುದಿಲ್ಲ, ಕುಂಕುಮ ಹಚ್ಚುವವಳು ಒಳಗೆ ಹೋಗುವುದಿಲ್ಲ. ಕಾಕಾ ಒಂದು ಉಪಾಯ ಹೂಡಿದ. ಕಿಟಕಿ ಹೊಸ್ತಿಲಲ್ಲವಲ್ಲ, ಮೂರನೇ ಅಂತಸ್ತಿನ ಕಿಟಕಿಯಿಂದ ಸೀರೆಯನ್ನು ಹಗ್ಗ ಕಟ್ಟಿ ಇಳಿಬಿಟ್ಟರೆ? ಅಷ್ಟು ಹೇಳಿ ಮೇಲೆ ಹೋದ. ಮರುಗಳಿಗೆಯಲ್ಲಿ ಆ ಕಿಟಕಿಯಿಂದಲೇ ಬೀಗತಿಯ ದನಿ ಇಡೀ ಪೇಟೆಗೆ ಕೇಳಿಸಿತು.

"ಅಗ ಬಾಯಿ! ಸೀರಿ ಏನು ನೀರು ಸೇದೂ ಕೊಡಾ ಅದ ಏನ್ರೀ ಹಗ್ಗಾ ಕಟ್ಟಲಾಕ? ಸಂಬಂಧ ಮನಸಿಗಿ ಬಂದಿಲ್ಲಂದ್ರ ಬಾಯಿ ಬಿಟ್ಟು ಹೇಳ್ರಿ. ಬೀದ್ಯಾಗ ಕುಂತು ನಮ್ಮ ಮರ್ಯಾದಿ ಯಾಕ ತಗೀಲತ್ತೀರಿ?"

ಜನ ನಿಂತರು. ಪಾತ್ರೆ ಅಂಗಡಿಯವನು, ರಸವಂತಿಯವನು, ಸೈಕಲ್ಲು ಹಿಡಿದವರು, ಎಲ್ಲರೂ ಒಂದೊಂದು ಸಲಹೆ ಕೊಡತೊಡಗಿದರು. ಒಬ್ಬ ಮುದುಕಿಗೆ ದೆವ್ವ ಹಿಡಿದಿದೆ ಅಂದ. ಇನ್ನೊಬ್ಬ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಿ ಅಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ವರ್ಷ ಆ ಮಾತನ್ನು ಮನಸ್ಸಿನಲ್ಲೂ ಆಡಬಾರದಿತ್ತು. ಆಯಿ ಕಲ್ಲಿನಂತೆ ಕುಳಿತಿದ್ದಳು. ಆಗ ನೀಲಾ ಅತ್ತಿ ಇಳಿದು ಬಂದಳು. ಮದುಮಗಳು ಹಾಗೆ ಒಬ್ಬಳೇ ಬೀದಿಗೆ ಬರಬಾರದು. ಬಂದು ಆಯಿಯ ಎದುರು ನಿಂತಳು. ದನಿ ಎತ್ತಲಿಲ್ಲ.

"ಅವ್ವಾ, ಜಳಕೋಟದವರು ಹೋದಾಗ ನಾ ಏನರ ಅಂದೀನೇನು?"

ಆಯಿ ಗೋಣಿತಟ್ಟಿನ ಎಳೆ ಕೀಳತೊಡಗಿದಳು.

"ಬೀಗತಿ ಎದ್ದು ನಿಂತಾಳ. ಚಪ್ಪಲಿ ಮೆಟ್ಟಲತ್ತಾಳ. ಇದೂ ಮುರೀತಂದ್ರ ಮತ್ತೊಂದು ನೋಡಬ್ಯಾಡ. ನಿನ್ನ ತಗಡಿನ ಕೆಳಗ ನಿನ್ನ ಬಾಜೂಕ ಜಲ್ಮ ಪೂರ್ತಿ ಕುಂಡ್ರತೀನಿ. ಆಗರ ನಿಂಗ ಸಮಾಧಾನ ಆಗ್ತದೇನು?"

ಆಯಿ ತಲೆ ಎತ್ತಿ ಆಕೆಯನ್ನು ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು. "ಮಲ್ಲ್ಯಾ ಎಲ್ಲಿದಾನ?"

"ಮ್ಯಾಲ. ಅವರ ಕೈ ಕಾಲು ಹಿಡೀಲತ್ಯಾನ."

"ಕರಿ ಅಂವಗ."

ಕಾಕಾ ಬಂದ. ಆಯಿ ನೀಲಾ ಅತ್ತಿಯ ರಟ್ಟೆ ಹಿಡಿದು ಬಳೆಗಾರ್ತಿಯ ಕಟ್ಟೆಯ ಮೇಲೆ ಕೂಡಿಸಿದಳು. ಕಾಕಾನನ್ನು ಆಕೆಯ ಪಕ್ಕ ಕೂಡಿಸಿದಳು. ನನ್ನನ್ನು ಎತ್ತಿ ಇಬ್ಬರ ನಡುವೆ ತುರುಕಿದಳು. "ನಾ ಹೊಳ್ಳಿ ಬರೂತನಾ ಯಾರೂ ಆ ಬಾಗಿಲಾ ದಾಟಬ್ಯಾಡ್ರಿ. ಏನ್ ಆದ್ರೂ ಬರಬ್ಯಾಡ್ರಿ. ಆಣಿ ಮಾಡ್ರಿ."

"ಅವ್ವಾ, ಇದೇನು ಹೊಸಾದು..."

"ಮಾಡಂದ್ರ ಮಾಡೋ!"

ಕಾಕಾ ನನ್ನ ತಲೆ ಮುಟ್ಟಿ ಆಣೆ ಮಾಡಿದ. ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿ ದಾಟಿ, ಬಾಗಿಲ ಚೌಕಟ್ಟನ್ನು ಒಂದು ಸಲ ಬೆರಳಿನಿಂದ ಬಾರಿಸಿ ಒಳಗೆ ಹೋದಳು. ನಮಗೆ ನಂಬಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಎರಡನೇ ಅಂತಸ್ತಿನ ಕಿಟಕಿಯಲ್ಲಿ ಆಕೆಯ ತಲೆ ಕಂಡಿತು. ಬಗ್ಗಿ ಕೆಳಗೆ ನೋಡಿದಳು: ಕಾಕಾನನ್ನು, ಅತ್ತಿಯನ್ನು, ನನ್ನನ್ನು. ತಲೆ ಒಳಗೆ ಹೋಯಿತು. ಆಮೇಲೆ ಮೂರನೇ ಅಂತಸ್ತಿನ ಕಿಟಕಿ. ಅಲ್ಲಿಯೂ ಹಾಗೆಯೇ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ ಒಳಗೆ ಹೋದಳು. ಕಾಕಾ ಏನೋ ಚೇಷ್ಟೆ ಮಾಡಲು ಬಾಯಿ ತೆರೆದವನು ಹಾಗೇ ಉಳಿದ. ಅವನ ಮುಖ ಬಿಳಿಚಿತು.

"ನೀಲಾ," ಅಂದ ಸಣ್ಣ ದನಿಯಲ್ಲಿ, "ಸಾಸ್ತೂರದಾಗ ಗುರುಬಾಯಿ ಚಿಗವ್ವ ಅವತ್ತ ಮಕ್ಕಳು ಮೊಮ್ಮಕ್ಕಳಿಗಿ ಎಲ್ಲಾರ್ಗೂ ಒಂದೇ ಪಡಸಾಲ್ಯಾಗ ಹಾಸಿಕೊಟ್ಟಿದ್ಲು. ಹಬ್ಬಕ್ಕ ಕೂಡ್ಯಾರಂತ. ಒಬ್ಬರರ ಹೊರಗ ಮಲಗಿದ್ರ ಉಳೀತಿದ್ರು."

ನೀಲಾ ಅತ್ತಿ ಗಡಿಯಾರದ ಕೈಯನ್ನು ಬಾಯಿಗೆ ಒತ್ತಿಕೊಂಡಳು. ಜಳಕೋಟದವರು ಹೋದಾಗ ಅಳದವಳು ಅಲ್ಲಿ, ಉದಗೀರದ ಪೇಟೆಯ ನಡುವೆ, ಬಳೆಗಳ ಬುಟ್ಟಿಗಳ ಮಧ್ಯೆ ಕುಳಿತು ಅತ್ತಳು. ಹಸೀನಾ ಬೀ ಛತ್ರಿಯನ್ನು ಇನ್ನಷ್ಟು ಓರೆ ಮಾಡಿ ಬೀದಿಯ ಕಣ್ಣಿನಿಂದ ಆಕೆಯನ್ನು ಮರೆಮಾಡಿದಳು. ಹತ್ತು ವರ್ಷದ ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಇಲ್ಲದ ಹಪ್ಪಳ ನೋಡಲು ನನ್ನನ್ನು ಎಷ್ಟು ಸಲ ಹಿತ್ತಲಿಗೆ ಓಡಿಸಿದ್ದಳು, ನಾನು ಎಷ್ಟು ಸಲ ಕಾಲು ಅಪ್ಪಳಿಸುತ್ತ ಹೋಗಿದ್ದೆ! ಆಯಿ ತನ್ನ ಜೀವಕ್ಕೆ ಹೆದರಿದ್ದಾಳೆ ಎಂದು ಊರಿಗೆ ಊರೇ ನಕ್ಕಿತ್ತು.

ಅಷ್ಟರಲ್ಲಿ ಅಂಗಡಿಯ ಬಾಗಿಲಿನಿಂದ ಹೊರಬಂದವಳು ಬೀಗತಿ. ಎರಡೂ ಕೈಯಲ್ಲಿ ಮೊದಲ ಸೀರೆ ಹಿಡಿದಿದ್ದಳು, ಸೆರಗಿನ ಮೂಲೆಯಲ್ಲಿ ಹಸಿ ಕುಂಕುಮ. ಕಣ್ಣು ಕೆಂಪಗಾಗಿದ್ದವು, ಆದರೆ ಬಿಗಿ ಬಿಟ್ಟಿರಲಿಲ್ಲ. ಕಟ್ಟೆಯ ಹತ್ತಿರ ಬಂದು ನಿಂತಳು.

"ನಿಮ್ಮವ್ವ ನನಗೂ ಹೊರಗ ಹಾಕ್ಯಾಳ ನೋಡ್ರಿ. ಕುಂಕುಮ ಹಚ್ಚಿ ಕೈಯಾಗ ಸೀರಿ ಕೊಟ್ಟು, 'ಈಗ ನೀವೂ ನಮ್ಮವ್ರಾದ್ರಿ, ಕೆಳಗ ನಡೀರಿ' ಅಂದ್ಲು. ನನ್ನ ಮಗಗೂ, ನಮ್ಮ ಮಂದಿಗೂ ಎಬ್ಬಿಸ್ಯಾಳ. ಹಿಂದ ಬರ್ಲತ್ಯಾರ." ನೀಲಾ ಅತ್ತಿಯ ಕಡೆ ತಿರುಗಿ, "ಉಡಿ ಹಿಡಿ ಮಗಳ," ಅಂದಳು.

ನೀಲಾ ಅತ್ತಿಯ ಉಡಿ ಹಾಗೆ ಬೀದಿಯಲ್ಲಿ ತುಂಬಿತು. ಬೀಗತಿ ಕಟ್ಟೆಯ ಮೇಲೆ ಜಾಗ ಮಾಡಿಕೊಂಡು ಕುಳಿತಳು. ಹುಡುಗ, ಅವನ ಹಿಂದೆ ಉಳಿದ ಬೀಗರು ಬಂದು ದೂರ ನಿಂತರು. ರಸವಂತಿಯವನು ಯಾರೂ ಕೇಳದಿದ್ದರೂ ಎಲ್ಲರಿಗೂ ಗ್ಲಾಸು ತಂದುಕೊಟ್ಟ.

ಕತೆ ಇಲ್ಲಿಗೇ ಮುಗಿದಿದ್ದರೆ ನನಗೆ ಇವತ್ತು ಸಿಟ್ಟು ಬರುತ್ತಿರಲಿಲ್ಲ. ಆಯಿ ಒಳಗೇ ಉಳಿದಳು. ನಮ್ಮನ್ನು ಒಳಗೆ ಬಿಡುವುದಿಲ್ಲ, ಬಸ್ತಾ ಅರ್ಧಕ್ಕೆ ಬಿಡುವಂತಿಲ್ಲ. ಹಾಗಾಗಿ ಇಡೀ ಮದುವೆಯ ಜವಳಿಯನ್ನು ಆಕೆ ಒಬ್ಬಳೇ ತೆಗೆದಳು, ಆಗಾಗ ಕಿಟಕಿಯಿಂದ ನಮ್ಮನ್ನು ನೋಡುತ್ತ. ಆಕೆಗೆ ಬಟ್ಟೆಯ ಗಟ್ಟಿತನ ತಿಳಿಯುತ್ತಿತ್ತು, ಬಣ್ಣ ತಿಳಿಯುತ್ತಿರಲಿಲ್ಲ. ಸಂಜೆ ಕೆಳಗೆ ಬಂದ ಗಂಟುಗಳನ್ನು ಬಿಚ್ಚಿದರೆ ಅತ್ತಿಯದೊಂದು ಬಿಟ್ಟು ಉಳಿದ ಎಲ್ಲ ಸೀರೆಗಳೂ ಈರುಳ್ಳಿ ಸಿಪ್ಪೆಯ ಬಣ್ಣ. ನನ್ನ ಪರಕಾರದ, ಅಂದರೆ ಲಂಗದ, ಬಟ್ಟೆ ಅದೇ, ಅವ್ವನದು ಅದೇ, ಬೀಗತಿಯ ಮಾನದ ಸೀರೆಯೂ ಅದೇ. "ಛಲೋ ತಾಳ್ತಾವ," ಅಂದಳು ಆಯಿ. ತಾಳಿದವು, ಅದೇ ದುಃಖ. ನಾನು ಆ ಪರಕಾರವನ್ನು ಮೂರು ದೀಪಾವಳಿ ಉಟ್ಟೆ, ಹರಿಯಲೇ ಇಲ್ಲ. ಟಾಕೀಸಿಗೆ ಹೊತ್ತು ಮೀರಿತ್ತು. ಆ ಪೋಸ್ಟರಿನ ಸಿನೆಮಾ ನಾನು ಇವತ್ತಿನವರೆಗೂ ನೋಡಿಲ್ಲ. ತಿರುಗಿ ಬರುವಾಗಲೂ ಎರಡು ಬಸ್ಸು.

ಮದುವೆ ಮಾತ್ರ ಆಯಿತು, ಚೆನ್ನಾಗಿಯೇ ಆಯಿತು, ಬಯಲಿನಲ್ಲಿ, ಬಟ್ಟೆಯ ಮಂಟಪದ ಕೆಳಗೆ. ನೀಲಾ ಅತ್ತಿ ಉದಗೀರದ ಸೊಸೆಯಾಗಿ, ಈಗ ತಾನೂ ಅತ್ತೆಯಾಗಿದ್ದಾಳೆ. ಆ ಬೀಗತಿ ಬದುಕಿದ್ದಷ್ಟು ದಿನ ವರ್ಷಕ್ಕೊಮ್ಮೆ ಯೆಣೆಗೂರಿಗೆ ಬಂದು ಆಯಿಯ ಜೊತೆ ಅಂಗಳದಲ್ಲಿ ಕುಳಿತು ಜಗಳಾಡಿ ಹೋಗುತ್ತಿದ್ದಳು. ಮುತ್ಯಾ ಹೋದ, ಅಪ್ಪ ಹೋದ, ಆಯಿ ತಗಡಿನ ಕೆಳಗೇ ಹೋದಳು. ರಸ್ತೆ ಅಗಲವಾದ ಮೇಲೆ ಪೇಟೆಯೇ ಬೇರೆ ಕಡೆ ಸರಿಯಿತು. ವಾಡೆಯ ಕಲ್ಲುಗಳನ್ನು ಟ್ರಾಲಿ ಟ್ರಾಲಿ ಒಯ್ದರು. ತೊಲೆ ಕಿತ್ತ ದಿನ ಅದರ ಮೇಲಿನ ಮೂರು ತಲೆಮಾರಿನ ಮಣ್ಣು ಅಂಗಳಕ್ಕೆ ಸುರಿದು ಮೊಣಕಾಲಷ್ಟು ಎತ್ತರವಾಗಿತ್ತಂತೆ. ನಾನು ನೋಡಲು ಹೋಗಲಿಲ್ಲ. ಆ ಮನೆಯ ಸಾಲು ಊಟ ನಿಂತದ್ದು ಒಂದು ದಿನ, ಗೋಡೆ ಬಿದ್ದದ್ದು ಇನ್ನೊಂದು ದಿನ. ನನಗೆ ಮನೆ ಹೋದದ್ದು ಮೊದಲನೆಯ ದಿನವೇ.

ಬಸ್ತಾದಿಂದ ತಿರುಗಿ ಬಂದ ಆ ಸಂಜೆ ಅವ್ವ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಮಾಡಿಟ್ಟಿದ್ದಳು, ಮೇಲೆ ಗಟ್ಟಿ ಮೊಸರು. ದಣಿದಿದ್ದೆವು, ಹಸಿದಿದ್ದೆವು, ಎಲ್ಲರೂ ಒಂದೇ ಸಲ ಒಲೆಯ ಮುಂದೆ ಬಂದು ಕುಳಿತೆವು. ಅವ್ವ ನಮ್ಮ ಮುಖ ನೋಡಿ, ಹಂಚಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆಯಿ ಬಾಗಿಲ ಹತ್ತಿರ ನಿಂತು ನಮ್ಮನ್ನು ನೋಡುತ್ತಿದ್ದಳು. ಹೇಳಲು ಏನು ನೆಪ ಹುಡುಕುತ್ತಿದ್ದಳೋ. ಆಕೆ ಬಾಯಿ ತೆರೆಯುವ ಮೊದಲೇ ಮಲ್ಲುಕಾಕಾ ಎದ್ದ. ತನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಹೊರಗೆ ಅಂಗಳದ ನಡುವೆ ಹೋಗಿ ಕುಳಿತು ಉಣ್ಣತೊಡಗಿದ. ಆಯಿ ಅವನನ್ನು ನೋಡಿದಳು, ನಮ್ಮನ್ನು ನೋಡಿದಳು. ಆಮೇಲೆ ಒಳಗೆ ಬಂದು, ನನ್ನ ಪಕ್ಕ ನೆಲಕ್ಕೆ ಕುಳಿತು, ಎರಡು ರೊಟ್ಟಿ ತಿಂದಳು. ಆ ದಿನ ಎಲ್ಲರಿಗಿಂತ ಮೊದಲು ಮಲಗಿದವಳು ಆಕೆಯೇ. ಕೈ ತೊಳೆದುಕೊಂಡು ಶೆಡ್ಡಿಗೆ ಹೋಗಿ, ನಾವಿನ್ನೂ ಉಣ್ಣುತ್ತಿರುವಾಗಲೇ, ಸೀರೆಗಳ ಗಂಟಿಗೆ ತಲೆ ಕೊಟ್ಟು ನಿದ್ದೆ ಹೋದಳು. ಕಾಕಾ, ಎಲ್ಲರಿಗಿಂತ ಕೊನೆಗೆ ಉಣ್ಣುವ ನನ್ನ ಅವ್ವನ ಊಟವೂ ಮುಗಿಯುವವರೆಗೆ, ಹೊರಗೇ ಕುಳಿತಿದ್ದ.